ನಲವತ್ತನೇ ಫೋನ್

ಕಿಟಕಿಗೆ ಬರುತ್ತಿದ್ದ ನಲವತ್ತು ನರ್ಸ್‌ಗಳಲ್ಲಿ ಮೂವತ್ತೊಂಬತ್ತು ಜನರನ್ನು ಅವನು ಸಿಸ್ಟರ್ ಎಂದು ಕರೆಯುತ್ತಿದ್ದ. ಒಬ್ಬಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಅವಳು ಬಂದರೆ “ಹಾಂ, ಕೊಡಿ” ಎಂದು ಫೋನಿಗೆ ಕೈ ಚಾಚುತ್ತಿದ್ದ, ಅಷ್ಟೆ.

ಅದನ್ನು ಮೊದಲು ಗಮನಿಸಿದವಳು ಅವಳೇ.

“ಎಲ್ಲರನ್ನೂ ಸಿಸ್ಟರ್ ಅಂತೀರಿ. ನಾನೇನು ಪಾಪ ಮಾಡಿದ್ದೆ?”

“ನೀವು ಹೊಸಬರಲ್ವಾ.”

“ಬಂದು ಎಂಟು ತಿಂಗಳಾಯ್ತು ಕಣ್ರೀ.”

“ಒಂದು ವರ್ಷ ತುಂಬೋವರೆಗೂ ಹೊಸಬರೇ,” ಎಂದು ಅವನು ಕೇಬಲ್ ಚುಚ್ಚಿದ. ಕಿವಿ ಬಿಸಿಯಾಗಿತ್ತು.

ಅದು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್‌ಗಳ ಸಂಸ್ಥೆ. ಯಾವ ಮನೆ, ಯಾವ ಔಷಧಿ, ಎಷ್ಟು ಪ್ರಮಾಣ, ಎಲ್ಲವೂ ಒಂದು ಆ್ಯಪ್‌ನಲ್ಲಿ ಬರುತ್ತಿತ್ತು. ಕಾಗದದ ಫೈಲು ಬಿಟ್ಟು ಎರಡು ವರ್ಷವಾಗಿತ್ತು. ಆ್ಯಪ್‌ನ ಪ್ರತಿ ಹೊಸ ಬಿಲ್ಡ್, ಅಂದರೆ ತಿದ್ದಿದ ಹೊಸ ಆವೃತ್ತಿ, ಮೊದಲು ಈ ನಲವತ್ತು ಜನರ ಕೈಗೆ ಹೋಗಬೇಕು. ಅವರು ಎರಡು ಮೂರು ದಿನ ಬಳಸಿ ನೋಡಿದ ಮೇಲೆಯೇ ಬೇರೆ ಊರುಗಳ ನರ್ಸ್‌ಗಳಿಗೆ. ಅದನ್ನು ಫೋನುಗಳಿಗೆ ಹಾಕಿಕೊಡುವುದು ಅವನ ಕೆಲಸ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ, ಹಿಂದೆ ಔಷಧಿ ಕೊಡುತ್ತಿದ್ದ ಕೌಂಟರಿನ ಗಾಜಿನ ಹಿಂದೆ ಅವನು ಕೂರುತ್ತಿದ್ದ. ಒಂದು ಫೋನಿಗೆ ನಾಲ್ಕು ನಿಮಿಷ. ನರ್ಸ್‌ಗಳು ಅವನಿಗೆ ಕಿಟಕಿ ಎಂದೇ ಹೆಸರಿಟ್ಟಿದ್ದರು.

ಆ ಒಬ್ಬಳಿಗೆ ಇಟ್ಟ ಹೆಸರು ಎಕ್ಸ್‌ಪ್ರೆಸ್. ಅವಳ ಜೊತೆ ನಡೆಯಲು ಹೊರಟವರು ಓಡಬೇಕಾಗುತ್ತಿತ್ತು. ಆದರೆ ಕಿಟಕಿಯಲ್ಲಿ ಮಾತ್ರ ಮೊಣಕೈ ಊರಿ ನಿಲ್ಲುತ್ತಿದ್ದಳು. ಹೊಲಿಗೆ ಬಿಚ್ಚಲು ಹೋದರೆ ಮಂಚದ ಕೆಳಗೆ ಅಡಗುವ ಲಾರಿ ಡ್ರೈವರನ ಕಥೆ ಹೇಳುತ್ತಿದ್ದಳು. ಫೋನ್ ರೀಸ್ಟಾರ್ಟ್ ಆಗುವಾಗ ಪರದೆ ಹತ್ತು ಸೆಕೆಂಡು ಕಪ್ಪಾಗುತ್ತದೆ. ಆ ಕಪ್ಪಿನಲ್ಲಿ ಅವಳ ಮುಖ ತಲೆಕೆಳಗಾಗಿ ಕಾಣುತ್ತಿತ್ತು. ನೇರವಾಗಿ ನೋಡುವ ಧೈರ್ಯವಿಲ್ಲದವನು ಅಲ್ಲಿ ನೋಡುತ್ತಿದ್ದ.

“ಅಷ್ಟೊಂದು ಏನು ಕಾಣ್ತಿದೆ ಅದರಲ್ಲಿ?”

“ಲೋಡ್ ಆಗ್ತಿದೆ.”

“ಓಹೋ,” ಎಂದು ಅವಳು ಇನ್ನಷ್ಟು ಬಗ್ಗಿದಳು. ಕಪ್ಪು ಪರದೆಯಲ್ಲಿ ಅವಳ ಕಣ್ಣು ಅವನನ್ನೇ ನೋಡುತ್ತಿತ್ತು. ಅಷ್ಟರಲ್ಲಿ ಫೋನು ಬೆಳಗಿತು.

ಸಾಲಿನಲ್ಲಿ ನಿಂತು ಹೊತ್ತು ಹಾಳಾಗುತ್ತಿದೆ ಎಂದು ದೊಡ್ಡ ಸಿಸ್ಟರ್ ದೂರು ಕೊಟ್ಟರು. ನರ್ಸ್‌ಗಳಿಗೆಲ್ಲ ಮೇಲಿನವರಾದ ಅವರ ಮಾತು ಮ್ಯಾನೇಜರಿಗೂ ಆಜ್ಞೆಯಿದ್ದಂತೆ. ಬಿಲ್ಡ್ ತಾನಾಗಿಯೇ ಎಲ್ಲ ಫೋನುಗಳಿಗೆ ಹೋಗುವ ವ್ಯವಸ್ಥೆ ಮಾಡು ಎಂದು ಅವನಿಗೆ ಅಪ್ಪಣೆಯಾಯಿತು. ಮೂರು ವಾರ ಕೂತು ಅವನು ಮಾಡಿದ, ಅಚ್ಚುಕಟ್ಟಾಗಿಯೇ ಮಾಡಿದ. ಒಂದು ಗುಂಡಿ ಒತ್ತಿದರೆ ಸಾಕು. ಯಾರ ಫೋನು ಯಾವ ಬೀದಿಯಲ್ಲಿದ್ದರೂ ಹೊಸ ಬಿಲ್ಡ್ ಹೋಗಿ ಕೂರುತ್ತಿತ್ತು. ಅವನ ಪರದೆಯಲ್ಲಿ ನಲವತ್ತು ಚೌಕಗಳು, ಬಿಲ್ಡ್ ತಲುಪಿದ ಹಾಗೆಲ್ಲ ಒಂದೊಂದೇ ಹಸಿರಾಗುತ್ತಿದ್ದವು.

ಮೊದಲ ಸಲ ನಲವತ್ತೂ ಹಸಿರಾದಾಗ ಪಕ್ಕದ ಮೇಜಿನವರು ಬೆನ್ನು ತಟ್ಟಿದರು. ಅವನು ಖಾಲಿ ಕಿಟಕಿಯನ್ನು ನೋಡಿದ. ಇನ್ನು ಅಲ್ಲಿಗೆ ಯಾರೂ ಬರಬೇಕಾಗಿಲ್ಲ.

ಆ ಸಂಜೆ ಬಿಲ್ಡ್ ಹೋಗಬೇಕಾದ ಫೋನುಗಳ ಪಟ್ಟಿ ತೆರೆದು ಅವಳ ಫೋನಿನ ಮುಂದಿನ ಗುರುತನ್ನು ತೆಗೆದುಬಿಟ್ಟ. ಬೆರಳಿನ ಒಂದು ಒತ್ತು. ನಲವತ್ತು ಚೌಕ ಮೂವತ್ತೊಂಬತ್ತಾದವು.

“ನಿಮ್ಮದು ಹಳೇ ಮಾಡೆಲ್. ತಾನಾಗೇ ತಗೊಳ್ಳಲ್ಲ. ನೀವು ಬರ್ತಾನೇ ಇರಬೇಕಾಗುತ್ತೆ,” ಎಂದ.

ಅವಳು ಫೋನನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು. “ಹಾಗಾದ್ರೆ ಬರ್ತೀನಿ ಬಿಡಿ. ಏನು ಮಾಡೋದು, ಹಳೇದು.”

ಹೀಗೆ ಎರಡು ತಿಂಗಳು ನಡೆಯಿತು. ವಾರಕ್ಕೆ ಎಂಟು ನಿಮಿಷ. ಅವನ ಅಮ್ಮ ಇಸ್ತ್ರಿಪೆಟ್ಟಿಗೆ ಕೈಗೆ ಕೊಡುತ್ತಾ ಕೇಳಿದರು: “ಅಲ್ಲ ಮಗನೇ, ಮಂಗಳವಾರ ಶುಕ್ರವಾರ ಬಿಟ್ಟು ಬೇರೆ ದಿನ ನಿಮ್ಮ ಆಫೀಸಿಗೆ ರಜೆಯಾ?”

ಆ ಬುಧವಾರ ಸಂಜೆ ಐದಕ್ಕೆ ತುರ್ತು ಕರೆ ಬಂತು. ಮಂಗಳವಾರದ ಬಿಲ್ಡ್‌ನಲ್ಲಿ ತಪ್ಪು ನುಸುಳಿತ್ತು. ಡಾಕ್ಟರು ಔಷಧಿಯ ಪ್ರಮಾಣ ಬದಲಿಸಿದರೂ ಆ್ಯಪ್ ಹಳೆಯದನ್ನೇ ತೋರಿಸುತ್ತಿತ್ತು. ಸರಿಪಡಿಸಿದ ಬಿಲ್ಡ್ ಕೈಗೆ ಬಂದ ಕೂಡಲೇ ಅವನು ಗುಂಡಿ ಒತ್ತಿದ. ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ನಿಂತುಕೊಂಡೇ ನೋಡಿದ. ಎಲ್ಲ ಚೌಕಗಳೂ ಹಸಿರಾದವು. ಮೂವತ್ತೊಂಬತ್ತಕ್ಕೆ ಮೂವತ್ತೊಂಬತ್ತು ಎಂದು ವರದಿ ಬಂತು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟ. ಅದು ಅವಳು ಬರುವ ದಿನವಲ್ಲ, ಅವಳ ಫೋನು ನೆನಪಾಗಲಿಲ್ಲ.

ಶುಕ್ರವಾರ ಅವಳು ಬಂದಾಗ ಮೊಣಕೈ ಊರಲಿಲ್ಲ. ಕಣ್ಣು ಊದಿಕೊಂಡಿತ್ತು.

“ಏನಾಯ್ತು?”

“ನಿಮಗೆ ಗೊತ್ತಿಲ್ವಾ? ಡ್ರಾಯಿಂಗ್ ಮೇಷ್ಟ್ರು.”

ಅವಳ ಮಾತಿನಲ್ಲಿ ಎಷ್ಟೋ ಸಲ ಬಂದಿದ್ದ ಮನೆ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಸಕ್ಕರೆ ಕಾಯಿಲೆ, ಹೆಂಡತಿ. ಕೈಯೆತ್ತದೆ ಒಂದೇ ಗೀಟಿನಲ್ಲಿ ವೃತ್ತ ಬರೆದು, ಎಲ್ಲಿ ಶುರುವಾಯ್ತು ಹೇಳು ನೋಡೋಣ ಎಂದು ಅವಳಿಗೆ ಸವಾಲು ಹಾಕುತ್ತಿದ್ದರಂತೆ.

“ನಿನ್ನೆ ಬೆಳಿಗ್ಗೆ ಇನ್ಸುಲಿನ್ ಕೊಟ್ಟು ಬಂದೆ. ಎರಡು ಗಂಟೆ ಕಳೆದ ಮೇಲೆ ಸಕ್ಕರೆ ಪೂರ್ತಿ ಇಳಿದು ಬಚ್ಚಲಲ್ಲಿ ಬಿದ್ದಿದಾರೆ. ಪ್ರಾಣ ಉಳೀತು. ಬಲಗೈ ಮುರಿದಿದೆ. ಡಾಕ್ಟರು ಹಿಂದಿನ ಸಂಜೇನೇ ಹದಿನೆಂಟು ಇದ್ದಿದ್ದನ್ನ ಹತ್ತಕ್ಕೆ ಇಳಿಸಿದ್ರಂತೆ. ನಾನು ಹದಿನೆಂಟು ಅಂತ ಓದಿದೆ. ವರದಿ ತೆಗೆದು ನೋಡಿದ್ರು, ಸರಿಯಾದ ಬಿಲ್ಡ್ ಎಲ್ಲ ಫೋನಿಗೂ ಹೋಗಿದೆಯಂತೆ. ನನ್ನ ಕಣ್ಣೇ ಸರಿಯಿಲ್ವೇನೋ. ಹನ್ನೊಂದಕ್ಕೆ ವಿಚಾರಣೆ. ಲೈಸೆನ್ಸ್ ಹೋಗಬಹುದು ಅಂತಿದಾರೆ.”

ಅವನ ಅಭ್ಯಾಸದ ಕೈ ಅಷ್ಟರಲ್ಲಿ ಕೇಬಲ್ ಚುಚ್ಚಿಯಾಗಿತ್ತು. ಫೋನಿನಲ್ಲಿದ್ದ ಬಿಲ್ಡ್‌ನ ಸಂಖ್ಯೆ ಪರದೆಯ ಮೇಲೆ ಬಂತು. ಮಂಗಳವಾರದ್ದು.

ಹೊಸದು ಹಾಕಿದರೆ ಹಳೆಯದು ಅಳಿಸಿ ಹೋಗುತ್ತದೆ. ಆಮೇಲೆ ಯಾರು ಹುಡುಕಿದರೂ ಏನೂ ಸಿಗುವುದಿಲ್ಲ. ಪಟ್ಟಿಯಲ್ಲೇ ಇಲ್ಲದ ಫೋನಿನ ಬಗ್ಗೆ ಯಾವ ವರದಿಯೂ ಹೇಳುವುದಿಲ್ಲ. ನಾಲ್ಕು ನಿಮಿಷ ಸಾಕು. ಆ ಯೋಚನೆ ಅವನಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಬೆರಳು ಗುಂಡಿಯ ಮೇಲೆ ಇತ್ತು.

ಫೋನಿನ ಪರದೆ ಆರಿತು. ಕಪ್ಪಿನಲ್ಲಿ ಅವಳ ಮುಖ ಕಾಣಿಸಿತು. ಈ ಸಲ ಅವಳು ಅವನನ್ನು ನೋಡುತ್ತಿರಲಿಲ್ಲ, ತನ್ನ ಕಣ್ಣನ್ನೇ ಉಜ್ಜಿಕೊಳ್ಳುತ್ತಿದ್ದಳು.

ಅವನು ಕೇಬಲ್ ಕಿತ್ತ.

“ಇದನ್ನ ಹೀಗೇ ಇಟ್ಕೊಳ್ಳಿ. ಯಾರಿಗೂ ಮುಟ್ಟೋಕೆ ಕೊಡಬೇಡಿ. ನಿಮ್ಮ ಕಣ್ಣು ಸರಿಯಾಗೇ ಇದೆ.”

“ಅಂದ್ರೆ?”

“ವಿಚಾರಣೆಗೆ ನಾನೂ ಬರ್ತೀನಿ. ಅಲ್ಲೇ ಹೇಳ್ತೀನಿ. ಎರಡು ಸಲ ಹೇಳೋ ಧೈರ್ಯ ಇಲ್ಲ ನನಗೆ.”

ಮ್ಯಾನೇಜರ ಕೋಣೆಯಲ್ಲಿ ದೊಡ್ಡ ಸಿಸ್ಟರ್ ಮೇಜಿನ ತುದಿಯಲ್ಲಿ ಕೂತಿದ್ದರು. ಅವನು ಫೋನು ತೋರಿಸಿ, ಬಿಲ್ಡ್‌ನ ಸಂಖ್ಯೆ ಓದಿ ಹೇಳಿದ.

“ಅವರು ಓದಿದ್ದು ಸರಿ. ಫೋನಲ್ಲಿ ಹದಿನೆಂಟೇ ಇತ್ತು. ಸರಿಪಡಿಸಿದ ಬಿಲ್ಡ್ ಈ ಒಂದು ಫೋನಿಗೆ ಹೋಗಿಲ್ಲ.”

“ಎಲ್ಲ ಹಸಿರಿದೆಯಲ್ರೀ,” ಎಂದರು ಮ್ಯಾನೇಜರು ವರದಿ ತಟ್ಟುತ್ತಾ.

“ಎಣಿಸಿ ಸಾರ್. ಮೂವತ್ತೊಂಬತ್ತಿದೆ.”

ದೊಡ್ಡ ಸಿಸ್ಟರ್ ವರದಿಯನ್ನು ತಮ್ಮ ಕಡೆಗೆ ಎಳೆದುಕೊಂಡು ಪೆನ್ನಿನ ತುದಿಯಲ್ಲಿ ಎಣಿಸಿದರು. ಕನ್ನಡಕ ತೆಗೆದರು. “ನನ್ನನ್ನೂ ಸೇರಿಸಿ ನಲವತ್ತು ಜನ ಇದೀವಿ. ಇವಳನ್ನ ಯಾಕೆ ಬಿಟ್ಟೆ?”

ತಪ್ಪನ್ನು ತಂತ್ರಾಂಶದ ಮೇಲೆ ಹಾಕಬಹುದಿತ್ತು. ಕೈತಪ್ಪಿ ಆಯಿತು ಎನ್ನಬಹುದಿತ್ತು.

“ಅವರು ಕಿಟಕಿಗೆ ಬರ್ತಾ ಇರಲಿ ಅಂತ.”

ಮ್ಯಾನೇಜರು ವರದಿಯನ್ನು ಮಡಚಿಟ್ಟರು. ಫ್ಯಾನ್ ಒಂದೇ ಸಮನೆ ತಿರುಗುತ್ತಿತ್ತು.

“ಅವರನ್ನ ನೋಡಬೇಕು ಅನ್ನಿಸ್ತಿತ್ತು,” ಎಂದ ಅವನು, ಮೇಜನ್ನು ನೋಡುತ್ತಾ. “ಅವರಿಗಿದು ಗೊತ್ತಿಲ್ಲ.”

ಇಂಥ ಮಾತನ್ನು ಎಂದಾದರೂ ಹೇಳುವ ದಿನ ಬರಬಹುದೆಂದು ಅವನು ಕನಸು ಕಂಡದ್ದುಂಟು. ಆ ಕನಸಿನಲ್ಲಿ ಮ್ಯಾನೇಜರ್ ಇರಲಿಲ್ಲ, ಮುರಿದ ಕೈಯೊಂದಿರಲಿಲ್ಲ. ಅವಳು ಎದ್ದು ಅವನತ್ತ ನೋಡದೆ ಹೊರಗೆ ಹೋದಳು.

ಬಿಲ್ಡ್ ಕಳಿಸುವ ಕೆಲಸವನ್ನು ಅಂದೇ ಅವನಿಂದ ತೆಗೆದರು. ಬೇರೆಯವರಿಗೆ ಎಲ್ಲವನ್ನೂ ಕಲಿಸಿಕೊಟ್ಟು ತಿಂಗಳ ಕೊನೆಗೆ ಹೊರಡಬೇಕು. ಅವಳ ಮೇಲಿನ ಆರೋಪವನ್ನು ಕೈಬಿಟ್ಟರು. ಕೊನೆಯದಾಗಿ ಅವನು ಪಟ್ಟಿ ತೆರೆದು ಅವಳ ಫೋನಿನ ಮುಂದೆ ಗುರುತು ಹಾಕಿದ. ನಲವತ್ತನೇ ಚೌಕ ಸ್ವಲ್ಪ ಹೊತ್ತು ಬೂದು ಬಣ್ಣದಲ್ಲಿದ್ದು, ಹಸಿರಾಯಿತು.

ಮನೆಯಲ್ಲಿ ಅಮ್ಮ ಎಲ್ಲ ಕೇಳಿಸಿಕೊಂಡರು. “ಆ ಮೇಷ್ಟ್ರ ಮನೆಗೆ ಹೋದೆಯಾ?” ಎಂದಷ್ಟೇ ಕೇಳಿದರು.

ಮಂಗಳವಾರ ಅವನು ಇಸ್ತ್ರಿ ಇಲ್ಲದ ಶರ್ಟಿನಲ್ಲಿದ್ದ. ಗಾಜಿನ ಮೇಲೆ ಯಾರೋ ಬೆರಳಿನಿಂದ ತಟ್ಟಿದರು.

“ಬೆಳಿಗ್ಗೆ ತಾನಾಗೇ ಬಂತು,” ಎಂದಳು ಅವಳು, ಫೋನು ಎತ್ತಿ ತೋರಿಸಿ.

“ಗೊತ್ತು.”

“ದೊಡ್ಡ ಸಿಸ್ಟರ್ ಫೋನು ಯಾವ ಮಾಡೆಲ್ ಗೊತ್ತಾ?”

ಅವನು ತಲೆಯೆತ್ತಿದ.

“ಇದೇ. ಒಂದೇ ದಿನ ಕೊಟ್ಟಿದ್ದು ಎರಡನ್ನೂ. ಅವರದ್ದಕ್ಕೆ ತಾನಾಗೇ ಬರುತ್ತೆ, ನನ್ನದಕ್ಕೆ ಬರಲ್ಲ. ಮೊದಲ ವಾರಾನೇ ಗೊತ್ತಾಯ್ತು ನನಗೆ. ಬಾಯಿಬಿಟ್ಟಿದ್ರೆ ಅವತ್ತೇ ಸರಿಹೋಗ್ತಿತ್ತು. ನನಗೂ ಇಲ್ಲಿಗೆ ಬರಬೇಕಿತ್ತು, ಸುಮ್ಮನಿದ್ದೆ. ಈಗ ಅದನ್ನೂ ಬರೆದು ಕೊಟ್ಟು ಬಂದೆ.”

“ಯಾಕೆ ಕೊಟ್ರಿ? ನಿಮ್ಮನ್ನ ಬಿಟ್ಟಿದ್ರಲ್ಲ.”

“ನನಗೆ ಇದು ಗೊತ್ತಿಲ್ಲ ಅಂತ ನೀವು ಅಲ್ಲಿ ಅಂದ್ರಿ. ಸುಳ್ಳಾಯ್ತಲ್ಲ ಅದು. ಅದಕ್ಕೆ ಶಿಕ್ಷೆ, ಎರಡು ತಿಂಗಳು ಕೆಲಸಕ್ಕೆ ಅಂತ ಯಾರ ಮನೆಗೂ ಹೋಗೋ ಹಾಗಿಲ್ಲ. ಸ್ಟೋರಿನಲ್ಲಿ ಬ್ಯಾಂಡೇಜು ಜೋಡಿಸಬೇಕು.” ಅವಳು ಮೊಣಕೈ ಊರಲು ಹೋಗಿ ಹಿಂದೆ ತೆಗೆದಳು. “ಕೋಪ ಇನ್ನೂ ಇದೆ. ನಿಮ್ಮ ಮೇಲೂ, ನನ್ನ ಮೇಲೂ. ಏಳಿ ಈಗ, ಮೇಷ್ಟ್ರ ಮನೆಗೆ ಹೋಗೋಣ. ನರ್ಸಾಗಿ ಅಲ್ಲ. ಹೇಳಬೇಕಾದ್ದು ಹೇಳೋಕೆ.”

ದಾರಿಯುದ್ದಕ್ಕೂ ಅವಳು ಎರಡು ಹೆಜ್ಜೆ ಮುಂದೆಯೇ ಇದ್ದಳು.

ಮೇಷ್ಟ್ರು ಬಾಗಿಲು ತೆರೆದರು. ಬಲಗೈಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರು. “ಬಾರಮ್ಮ. ಇವರು ಯಾರು?”

ಅವನೇ ಹೇಳಿದ. ಪಟ್ಟಿ, ಗುರುತು, ಕಾರಣ, ಯಾವುದನ್ನೂ ಬಿಡಲಿಲ್ಲ. ಆಮೇಲೆ ಅವಳೂ ಹೇಳಿದಳು. ಒಳಬಾಗಿಲಲ್ಲಿ ಮೇಷ್ಟ್ರ ಹೆಂಡತಿ ಸೆರಗು ಬಾಯಿಗೆ ಒತ್ತಿ ನಿಂತಿದ್ದರು.

“ನಾನು ಸತ್ತಿದ್ರೆ?” ಎಂದರು ಮೇಷ್ಟ್ರು. ಸಿಟ್ಟಿನಿಂದಲ್ಲ, ಪಾಠದ ಪ್ರಶ್ನೆ ಕೇಳಿದ ಹಾಗೆ.

ಹೊರಗೆ ಬಂದ ಮೇಲೆ ಅವನು ಮೆಲ್ಲಗೆ ಶುರುಮಾಡಿದ. “ನಿಮ್ಮನ್ನ ಒಂದು ಮಾತು ಕೇಳ್ಬೇಕು...”

“ಈಗ ಬೇಡ. ಅವರ ಕೈ ಪ್ಲಾಸ್ಟರ್ ತೆಗೆದ ದಿನ ಕೇಳಿ.” ಸ್ವಲ್ಪ ದೂರ ಹೋಗಿ ತಿರುಗಿದಳು. “ನೀವು ಇಷ್ಟು ಉದ್ದ ಇದೀರಿ ಅಂತ ಕಿಟಕಿಯಲ್ಲಿ ಗೊತ್ತಾಗ್ತಿರಲಿಲ್ಲ.”

ಆರು ವಾರ. ಅವನಿಗೆ ಊರಿನ ಆಚೆ ತುದಿಯಲ್ಲಿ ಇದಕ್ಕಿಂತ ಚಿಕ್ಕ ಕೆಲಸ ಸಿಕ್ಕಿತು. ಭಾನುವಾರಗಳಂದು ಇಬ್ಬರೂ ಬೇರೆಬೇರೆಯಾಗಿ ಮೇಷ್ಟ್ರ ಮನೆಗೆ ಹೋಗುತ್ತಿದ್ದರು. ಅವನು ಮನೆಯ ಸಾಮಾನು ತಂದುಕೊಡುತ್ತಿದ್ದ, ಅವಳು ಅವರ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ವ್ಯಾಯಾಮ ಮಾಡಿಸುತ್ತಿದ್ದಳು. ಮೇಷ್ಟ್ರ ಹೆಂಡತಿ ಮೂರನೇ ವಾರ ಅವನ ಜೊತೆ ಮಾತಾಡಿದರು.

ಪ್ಲಾಸ್ಟರ್ ತೆಗೆದ ದಿನ ಮೇಷ್ಟ್ರು ಸ್ಲೇಟು ತರಿಸಿಕೊಂಡು ವೃತ್ತ ಬರೆದರು. ಅದು ಓರೆಯಾಯಿತು, ಎರಡು ತುದಿಗಳು ಕೂಡಲಿಲ್ಲ. ನಡುವೆ ಒಂದು ಬೆರಳಿನಷ್ಟು ಜಾಗ ಉಳಿಯಿತು. ಅವರು ಅದನ್ನು ಬಹಳ ಹೊತ್ತು ನೋಡಿದರು. “ಈಗ ಎಲ್ಲಿ ಶುರುವಾಯ್ತು ಅಂತ ಯಾರು ಬೇಕಾದ್ರೂ ಹೇಳಬಹುದು,” ಎಂದು ಸ್ಲೇಟು ಕೆಳಗಿಟ್ಟರು.

ಇಬ್ಬರೂ ಬೀದಿಗೆ ಬಂದರು. ಬಿಸಿಲು ಇಳಿಯುತ್ತಿತ್ತು.

“ಈಗ ಕೇಳಬಹುದಾ?” ಎಂದ ಅವನು.

“ಕೇಳಿ. ನಿಧಾನಕ್ಕೆ ಕೇಳಿ. ನಾಲ್ಕು ನಿಮಿಷದ ಅವಸರ ಈಗಿಲ್ಲ.”

ಎಕ್ಸ್‌ಪ್ರೆಸ್ ಎಂದು ಹೆಸರಾದವಳು ಬಸ್ ಸ್ಟಾಪಿನವರೆಗೂ ಅವನ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದಳು. ಬಸ್ಸು ಬಂದು ನಿಂತಿತು, ಹೊರಟುಹೋಯಿತು. ಅವನಿನ್ನೂ ಕೇಳುತ್ತಲೇ ಇದ್ದ.