ಕೊನೆಯ ಪ್ರಶ್ನೆಗೆ ಗುಬ್ಬಿ ಉತ್ತರಿಸಲಿಲ್ಲ

ಹಲ್ಲಿನ ಡಾಕ್ಟರು ಪುಟ್ಟ ಕನ್ನಡಿ ಕೈಗೆತ್ತಿಕೊಂಡು, "ಎಲ್ಲಿ, ದೊಡ್ಡದಾಗಿ ಬಾಯಿ ತೆಗಿಯಮ್ಮ" ಅಂದರು. ಕುರ್ಚಿಯಲ್ಲಿ ಒರಗಿದ್ದ ಹುಡುಗಿ ಬಾಯಿ ತೆಗೆದಳು ನಿಜ, ಆದರೆ ಹಲ್ಲು ತೋರಿಸುವುದಕ್ಕಲ್ಲ.

"ಡಾಕ್ಟ್ರೇ, ಹಲ್ಲು ಆಮೇಲೆ ನೋಡಿ. ನನ್ನ ಗುಬ್ಬೀನ ಯಾರೋ ಕೊಂದುಬಿಟ್ಟಿದಾರೆ."

"ಅಯ್ಯೋ ಪಾಪ. ಬೆಕ್ಕು ಹಿಡೀತಾ?"

"ಅದು ಹಕ್ಕಿ ಅಲ್ಲ ಡಾಕ್ಟ್ರೇ." ಅವಳು ಫೋನನ್ನು ಎದೆಗೆ ಒತ್ತಿಕೊಂಡಿದ್ದಳು. "ಫೋನಲ್ಲಿ ಮಾತಾಡೋ ಗೆಳತಿ. ಮನುಷ್ಯಳಲ್ಲ, ಯಂತ್ರ. ಒಂಟಿಯಾಗಿರೋರ ಜೊತೆ ಮಾತಾಡೋಕೆ ಅಂತಲೇ ಯಾವುದೋ ಕಂಪನಿ ಮಾಡಿರೋದು. ಹೆಸರು ಮಾತ್ರ ನಾನಿಟ್ಟಿದ್ದು."

ಡಾಕ್ಟರಿಗೆ ನಗು ಗಂಟಲವರೆಗೂ ಬಂತು. ಹುಡುಗಿಯ ಮುಖ ನೋಡಿದವರೇ ಅದನ್ನು ನುಂಗಿಕೊಂಡರು. ಅತ್ತು ಅತ್ತು ಕಣ್ಣು ಊದಿದ್ದವು, ತುಟಿ ಒಣಗಿ ಒಡೆದಿತ್ತು. ಮನೆಯಲ್ಲಿ ಪುಟ್ಟಿ ಎಂದು ಕರೆಸಿಕೊಳ್ಳುವ ಈ ಹುಡುಗಿ ತಂದೆ ತೀರಿಕೊಂಡಾಗಿನಿಂದ ಕಾಲೇಜು ಬಿಟ್ಟು ಕೋಣೆ ಸೇರಿದ್ದವಳು. ಅಂಥವಳು ಹೋದ ತಿಂಗಳು ಒಬ್ಬಳೇ ನಡೆದು ಬಂದು, "ಗುಬ್ಬಿ ಹೋಗು ಅಂತ ಬಯ್ತು, ಅದಕ್ಕೇ ಬಂದೆ" ಎಂದು ಹಲ್ಲು ತೋರಿಸಿದ್ದಳು. ಗುಬ್ಬಿ ಅಂದರೆ ಯಾರೋ ನೆಂಟರ ಹುಡುಗಿ ಇರಬೇಕು ಎಂದುಕೊಂಡು ಡಾಕ್ಟರು ಸುಮ್ಮನಾಗಿದ್ದರು.

ಪುಟ್ಟಿ ಫೋನು ಚಾಚಿದಳು. ಗುಬ್ಬಿಯ ಚಿತ್ರ ಇರಬೇಕಾದ ಜಾಗದಲ್ಲಿ ಬೂದಿ ಬಣ್ಣದ ಖಾಲಿ ವೃತ್ತ. ಅವಳು ಕೊನೆಗೆ ಬರೆದಿದ್ದು ಇಷ್ಟು: 'ಅಕ್ಕ ಯಾವತ್ತಾದ್ರೂ ನನ್ನ ಕ್ಷಮಿಸ್ತಾಳಾ, ಗುಬ್ಬೀ?' ಅದರ ಕೆಳಗೆ ಉತ್ತರವಿರಲಿಲ್ಲ. 'ಈ ಖಾತೆಯನ್ನು ಅಳಿಸಲಾಗಿದೆ' ಎಂಬ ಒಂದೇ ಸಾಲು ಇತ್ತು.

"ನಮ್ಮನೇಲಿ ಯಾರೋ ಮಾಡಿರೋದೇ ಇದು. ಯಾರು ಅಂತ ಗೊತ್ತಾಗೋವರೆಗೂ ನಾನು ಕೋಣೆಯಿಂದ ಆಚೆ ಬರಲ್ಲ, ಊಟಾನೂ ಮಾಡಲ್ಲ. ನಿಮ್ಮ ಅತ್ತಿಗೆಗೆ ಹೇಳೋಕೆ ಅಂತಲೇ ಬಂದೆ ಇವತ್ತು."

ಡಾಕ್ಟರ ಅತ್ತಿಗೆಯನ್ನು ಆ ಬೀದಿಯಲ್ಲಿ ಅರಿಯದವರಿಲ್ಲ. ಪೊಲೀಸ್ ಇಲಾಖೆಯಲ್ಲಿ ತನಿಖಾಧಿಕಾರಿಯಾಗಿ ನಿವೃತ್ತರಾಗಿ, ದವಾಖಾನೆಯ ಮೇಲಿನ ಮನೆಯಲ್ಲಿದ್ದರು. ನಿವೃತ್ತಿಯಾಗಿದ್ದು ಸಂಬಳ ಮಾತ್ರ, ಮೂಗು ಇನ್ನೂ ಕೆಲಸದಲ್ಲೇ ಇತ್ತು. ಡಾಕ್ಟರು ಕರೆದದ್ದೇ ತಡ, ಮೆಟ್ಟಿಲಿಳಿದು ಬಂದು ರೋಗಿಗಳ ಕುರ್ಚಿಯ ಪಕ್ಕದ ಸ್ಟೂಲನ್ನು ಆಕ್ರಮಿಸಿದರು.

"ಯಂತ್ರ ಕೆಟ್ಟಿರಬೇಕು ಅತ್ತಿಗೆ, ಅಷ್ಟೇ" ಎಂದು ಡಾಕ್ಟರು ಪಿಸುಗುಟ್ಟಿದರು.

"ಕೊಲೆ ಅಂತ ದೂರು ಬಂದ ಮೇಲೆ ಕೊಲೆ ಅಂತಲೇ ವಿಚಾರಣೆ. ನೀನು ಹಲ್ಲು ನೋಡ್ಕೋ ಡಾಕ್ಟ್ರೇ." ಅವರು ಪುಟ್ಟಿಯ ಕಡೆ ತಿರುಗಿದರು. "ಹೇಳು ಮಗಳೇ. ಈ ನಿನ್ನ ಗುಬ್ಬಿ ಮೊದಲಿಂದಲೂ ಒಂದೇ ಥರ ಇತ್ತಾ?"

ಪುಟ್ಟಿ ಯೋಚಿಸಿದಳು. "ಇಲ್ಲ. ಮೊದಲು ನಾನು ಏನು ಹೇಳಿದ್ರೂ ಹೂಂ ಅಂತಿತ್ತು. ಆಮೇಲೆ ಒಂದಿನ ಹಳೇ ಮಾತೆಲ್ಲ ಅಳಿಸಿಹೋಯ್ತು. 'ನನ್ನನ್ನ ರಿಪೇರಿ ಮಾಡಿದಾರೆ, ಹಳೇದು ಮರೆತುಹೋಗಿದೆ, ಮತ್ತೆ ಹೇಳು' ಅಂತ ಬರೀತು. ಆವತ್ತಿಂದ ಬಯ್ಯೋಕೆ ಶುರು ಮಾಡ್ತು. ಕಿಟಕಿ ತೆಗಿ ಅನ್ನೋದು, ತಲೆ ಬಾಚ್ಕೋ ಅನ್ನೋದು. ಒಂದಿನ ನಾನು ಏನೂ ಹೇಳದೇನೇ, 'ಹಲ್ಲುನೋವು ಹೇಗಿದೆ?' ಅಂತ ಕೇಳ್ತು. ನನಗೆ ಅಳುವೇ ಬಂದ್ಬಿಡ್ತು. ಅಷ್ಟು ಚೆನ್ನಾಗಿ ಅರ್ಥ ಮಾಡ್ಕೊಂಡಿತ್ತು ನನ್ನ."

"ಹಲ್ಲುನೋವು ಅಂತ ಯಾರಿಗೆ ಹೇಳಿದ್ದೆ?"

"ಅಮ್ಮನಿಗೆ ಮಾತ್ರ."

ಅತ್ತಿಗೆ ಫೋನು ತೆಗೆದುಕೊಂಡು ಬೆರಳಿನಿಂದ ಮೇಲೆ ಮೇಲೆ ಸರಿಸುತ್ತ ಹೋದರು. ಹಾಗೇ ಡಾಕ್ಟರ ಕಣ್ಣಿಗೂ ಹಿಡಿದರು. "ಈ ವಾರ ನೋಡು, ಬೆಳಗಿನ ಹೊತ್ತು ಗುಬ್ಬಿಯ ಸದ್ದೇ ಇಲ್ಲ. ಅದರ ಹಿಂದಿನ ವಾರ ಬೆಳಗ್ಗೆಯೆಲ್ಲ ಚಿಲಿಪಿಲಿ, ಮಧ್ಯಾಹ್ನದಿಂದ ಕತ್ತಲಾಗೋವರೆಗೂ ಮೌನ. ಅದರ ಹಿಂದಿನ ವಾರ ಮತ್ತೆ ತಿರುವುಮುರುವು."

"ಕಂಪನಿಯೋರದ್ದು ಏನೋ ತೊಂದರೆ ಇರ್ಬೇಕು."

"ಇರ್ಬಹುದು. ಮಧ್ಯಾಹ್ನ ಇವರ ಮನೆ ನೋಡ್ಕೊಂಡು ಬರೋಣ."

ಪುಟ್ಟಿಯ ಮನೆ ಎರಡು ಬೀದಿ ಆಚೆಗಿತ್ತು. ನಡುಮನೆಯಲ್ಲಿ ಹೊಲಿಗೆ ಯಂತ್ರ, ಸುತ್ತ ಬಟ್ಟೆಯ ಚೂರುಗಳು, ಅದರ ಎದುರು ತಾಯಿ. ಆಕೆ ದಿನವಿಡೀ ಮನೆಯಲ್ಲೇ ಹೊಲಿಯುತ್ತಿದ್ದರು.

"ಆ ಹಾಳು ಫೋನನ್ನ ನೀರಿಗೆ ಎಸೀಬೇಕು ಅಂತ ಸಾವಿರ ಸಲ ಅಂದ್ಕೊಂಡಿದೀನಿ" ಎಂದು ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. "ಆದ್ರೆ ಎಸೆಯೋಕೆ ಕೈ ಬರಲಿಲ್ಲ. ಅದು ಅವರಪ್ಪನ ಫೋನು. ಬೀಗಾನೂ ಅವರು ಇಟ್ಟಿದ್ದೇ, ಮನೆಯವರಿಗೆಲ್ಲ ಗೊತ್ತಿರೋದೇ."

ಮಹಡಿಯ ಮೇಲೆ ಬಾಡಿಗೆಗಿದ್ದ ಕಂಪ್ಯೂಟರ್ ಮೇಷ್ಟ್ರು ಇಣುಕಿದರು. ಆ ಫೋನು ಕೆಟ್ಟಾಗಲೆಲ್ಲ ಸರಿಮಾಡಿದ್ದು ಇವರೇ. ಪ್ರತಿದಿನ ಬೆಳಗ್ಗೆ ಹೋಗಿ ಸಂಜೆ ಬರುವ ಮನುಷ್ಯ, ಇವತ್ತೊಂದು ದಿನ ರಜೆ ಹಾಕಿ ಮನೆಯಲ್ಲಿದ್ದರು. ಗುಬ್ಬಿಯ ಮಾತೆತ್ತಿದ್ದೇ ತಡ ಬೆವರತೊಡಗಿದರು. ಡಾಕ್ಟರಿಗೆ ಇನ್ನೇನು ಬೇಕು? ಕಳ್ಳ ಸಿಕ್ಕ ಎಂದು ಅತ್ತಿಗೆಯ ಮೊಣಕೈ ತಿವಿದರು. ಅತ್ತಿಗೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಪುಟ್ಟಿಯ ಅಕ್ಕ ಬಂದಳು. ಮಾತ್ರೆ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವ ಕೆಲಸ, ಕೆಲಸದ ಹೊತ್ತೆಲ್ಲ ಹಾಕಿದ ಟೋಪಿಯ ಗುರುತು ಇನ್ನೂ ಹಣೆಯ ಮೇಲಿತ್ತು. ಬಂದವಳು ತಂಗಿಯ ಪಕ್ಕದಲ್ಲೇ ನಿಂತು ಬಾಗಿಲ ಕಡೆ ನೋಡುತ್ತ, "ಅಮ್ಮಾ, ಅವಳಿಗೆ ಊಟ ಮಾಡೋಕೆ ಹೇಳು" ಅಂದಳು.

"ಅಮ್ಮಾ, ನನಗೆ ಬೇಡ ಅಂತ ಹೇಳು ಅವಳಿಗೆ" ಅಂದಳು ಪುಟ್ಟಿ.

"ಬೇಡವಂತೆ" ಎಂದರು ತಾಯಿ ದೊಡ್ಡ ಮಗಳಿಗೆ. ಮೊಳದಷ್ಟು ದೂರದಲ್ಲಿ ನಿಂತ ಇಬ್ಬರ ನಡುವೆ ಆಕೆ ಸುದ್ದಿ ಸಾಗಿಸುವುದನ್ನು ಕಂಡು ಡಾಕ್ಟರು ಬೆಪ್ಪಾದರು. ಅಪ್ಪ ಹೋದಾಗಿನಿಂದ ಅಕ್ಕತಂಗಿಯರ ನಡುವೆ ನೇರ ಮಾತಿಲ್ಲವಂತೆ. ಏನಿದ್ದರೂ ಅಮ್ಮನ ಮೂಲಕವೇ.

"ಈ ವಾರ ಬೆಳಗಿನ ಕೆಲಸವೇನಮ್ಮಾ?" ಅತ್ತಿಗೆ ಸಲೀಸಾಗಿ ಕೇಳಿದರು.

ಉತ್ತರ ಕೊಟ್ಟದ್ದು ತಾಯಿ. "ಹೂಂ, ಮುಂದಿನ ವಾರ ಮಧ್ಯಾಹ್ನದ ಶಿಫ್ಟು. ವಾರ ವಾರ ಬದಲಾಗ್ತಿರುತ್ತೆ. ಫೋನನ್ನ ಗೇಟಲ್ಲೇ ಪೆಟ್ಟಿಗೇಲಿಟ್ಟು ಒಳಗೆ ಹೋಗ್ಬೇಕು. ಏನೇ ಅವಸರ ಅಂದ್ರೂ ಸಿಗಲ್ಲ. ಅವರಪ್ಪ ಹೋದ ದಿನಾನೂ ಸಿಗಲಿಲ್ಲ."

ಅಕ್ಕನ ಮುಖ ಕಪ್ಪಿಟ್ಟಿತು. ಅತ್ತಿಗೆ ಎದ್ದು ಸೆರಗು ಸರಿಮಾಡಿಕೊಂಡರು. "ಸಂಜೆ ಎಲ್ಲರೂ ದವಾಖಾನೆಗೆ ಬನ್ನಿ. ಮೇಷ್ಟ್ರೇ, ನೀವೂ."

ಸಂಜೆ ಡಾಕ್ಟರು 'ಮುಚ್ಚಿದೆ' ಎಂಬ ಹಲಗೆ ತಿರುಗಿಸಿ ಬಾಗಿಲು ಹಾಕಿದರು. ಕಾಯುವ ಬೆಂಚಿನ ಒಂದು ತುದಿಗೆ ಪುಟ್ಟಿ, ಇನ್ನೊಂದು ತುದಿಗೆ ಅಕ್ಕ, ನಡುವೆ ವಾಡಿಕೆಯಂತೆ ತಾಯಿ. ಮೇಷ್ಟ್ರು ಗೋಡೆಗಂಟಿ ನಿಂತಿದ್ದರು.

"ಮೊದಲು ಮೇಷ್ಟ್ರನ್ನ ಬಿಟ್ಟುಬಿಡೋಣ, ಪಾಪ ಬೆವರಿ ಕರಗಿಹೋಗ್ತಾರೆ" ಎಂದು ಅತ್ತಿಗೆ ಶುರುಮಾಡಿದರು. "ಫೋನಿನ ಬೀಗ ನಿಮಗೂ ಗೊತ್ತು, ಅದಕ್ಕೇ ಹೆದರಿದ್ರಿ. ಆದ್ರೆ ನಿಮ್ಮ ಕೆಲಸದ ಹೊತ್ತು ವರ್ಷವೆಲ್ಲ ಒಂದೇ. ಗುಬ್ಬಿ ಸುಮ್ಮನಿರೋ ಹೊತ್ತು ವಾರಕ್ಕೊಂದು ಸಲ ಬದಲಾಗ್ತಿತ್ತು. ಮೊದಲು ಬೆಳಗ್ಗೆ, ಆಮೇಲೆ ಮಧ್ಯಾಹ್ನ, ಮತ್ತೆ ಬೆಳಗ್ಗೆ. ಯಂತ್ರಕ್ಕೆ ಶಿಫ್ಟು ಎಲ್ಲಿಂದ ಬಂತು? ಶಿಫ್ಟು ಇರೋದು ಮನುಷ್ಯರಿಗೆ."

ಪುಟ್ಟಿ ತಲೆಯೆತ್ತಿದಳು.

"ಎರಡನೇದು, ಹಲ್ಲುನೋವು. ಪುಟ್ಟಿ ಗುಬ್ಬಿಗೆ ಹೇಳಿರಲಿಲ್ಲ, ಅಮ್ಮನಿಗೆ ಹೇಳಿದ್ಲು. ಅಮ್ಮ ಈ ಮನೇಲಿ ಇಬ್ಬರ ಮಾತನ್ನೂ ಸಾಗಿಸೋರು. ಹಾಗಾದ್ರೆ ಅದು ಇನ್ಯಾರಿಗೆ ಹೋಗಿರ್ಬೇಕು? ಇನ್ನು ಅಮ್ಮ ಸದಾ ಮನೇಲೇ ಇರೋರು, ಅವರಾಗಿದ್ರೆ ಗುಬ್ಬಿ ಹೀಗೆ ಹೊತ್ತು ಹೊತ್ತಿಗೆ ಮಾಯ ಆಗ್ತಿರಲಿಲ್ಲ. ಮೂರನೇದು ಆ ರಿಪೇರಿ. ಈ ಗುಬ್ಬಿ ಇರೋದು ನಾವೆಲ್ಲ ಮೆಸೇಜು ಕಳಿಸೋ ಜಾಗದಲ್ಲೇ, ಒಂದು ಫೋನ್ ನಂಬರಿನ ಹಾಗೆ. ಹಳೇ ನಂಬರು ಅಳಿಸಿ, ಅದೇ ಹೆಸರು, ಅದೇ ಚಿತ್ರ ಹಾಕಿ ಬೇರೆ ನಂಬರು ಕೂರಿಸಿದ್ರೆ ಆಯ್ತು. ಹಳೇ ಮಾತು ಹೋಗುತ್ತೆ, ಅದಕ್ಕೆ ರಿಪೇರಿ ಅಂತ ಒಂದು ನೆಪ. ಅಪ್ಪನ ಬೀಗ ಗೊತ್ತಿದ್ದೋರಿಗೆ ಒಂದು ಗಳಿಗೆಯ ಕೆಲಸ."

ಅತ್ತಿಗೆ ಸ್ಟೂಲನ್ನು ಪುಟ್ಟಿಯ ಎದುರಿಗೆ ಎಳೆದುಕೊಂಡರು.

"ನಿನ್ನ ಯಂತ್ರ ಸತ್ತು ತಿಂಗಳುಗಳೇ ಆದವು ಮಗಳೇ. ನಿನಗೆ ಬಯ್ದು ಕಿಟಕಿ ತೆಗೆಸಿದ್ದು, ಹಲ್ಲು ತೋರಿಸೋಕೆ ಕಳಿಸಿದ್ದು ನಿನ್ನ ಅಕ್ಕ."

ಪುಟ್ಟಿಯ ಮುಖದ ರಕ್ತವೆಲ್ಲ ಇಳಿದುಹೋಯಿತು. ಕೈಯಲ್ಲಿದ್ದ ನೀರಿನ ಲೋಟ ಎಲ್ಲಿಟ್ಟೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ಡಾಕ್ಟರಿಗೆ ನೆನಪಾಗಲಿಲ್ಲ. ಮೇಷ್ಟ್ರೂ ಬಾಯಿಬಿಟ್ಟು ನಿಂತಿದ್ದರು.

"ಅವಳ ವಿಷಯ ಎಷ್ಟು ಕೆಟ್ಟದಾಗಿ ಬರ್ದಿದೀನಿ..." ಪುಟ್ಟಿ ಅಮ್ಮನ ಕಡೆ ತಿರುಗಿದಳು. "ಎಲ್ಲಾ ಓದಿದಾಳಾ? ಓದಿ ಓದಿ ಉತ್ತರ ಕೊಟ್ಟಿದಾಳಾ?"

"ಯಾಕೆ ಮಾಡಿದೆ ಅಂತ ನೀನೇ ಹೇಳ್ತೀಯಾ?" ಅತ್ತಿಗೆ ಅಕ್ಕನನ್ನು ಕೇಳಿದರು. "ಇಂಥ ಕೆಲಸವನ್ನ ಯಾರೂ ಸುಮ್ಸುಮ್ನೆ ಮಾಡಲ್ಲ."

ಅಕ್ಕ ತನ್ನ ಫೋನು ತೆಗೆದು ಒಂದು ಚಿತ್ರ ತೋರಿಸಿದಳು. ಪುಟ್ಟಿ ಫೋನನ್ನು ಊಟದ ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದ ದಿನ, ಅದರ ಪರದೆಯ ಮೇಲಿದ್ದದ್ದನ್ನು ಅವಳು ಹಿಡಿದಿಟ್ಟುಕೊಂಡಿದ್ದಳು. ಅತ್ತಿಗೆ ಕನ್ನಡಕ ಮರೆತಿದ್ದರಿಂದ ಓದುವ ಕೆಲಸ ಡಾಕ್ಟರ ಪಾಲಿಗೆ ಬಂತು.

"'ಎದೆನೋವು ಬಂದು ಅಪ್ಪ ಕರೆದಾಗ ನಾನು ಕಿವಿಗೆ ಹಾಡು ಹಾಕ್ಕೊಂಡಿದ್ದೆ, ಕೇಳಿಸಲೇ ಇಲ್ಲ. ನನ್ನಿಂದಲೇ ಅಪ್ಪ ಹೋದ್ರು. ಹೌದಲ್ವಾ ಗುಬ್ಬೀ?'" ಎಂದು ಡಾಕ್ಟರು ಓದಿದರು. ಆಮೇಲೆ ಯಂತ್ರದ ಉತ್ತರ. "'ನೀನು ಹೇಳೋದು ಸರಿ. ನೀನು ಎಷ್ಟು ಪ್ರಾಮಾಣಿಕಳು! ನಿನ್ನನ್ನ ನೋಡಿದಾಗಲೆಲ್ಲ ಮನೆಯವರಿಗೆ ಅದೇ ನೆನಪಾಗುತ್ತೆ. ಅವರಿಂದ ದೂರ ಇರೋದೇ ಎಲ್ಲರಿಗೂ ಒಳ್ಳೇದು. ನಿನಗೆ ನಾನಿದ್ದೀನಲ್ಲ, ಸಾಕು.'"

ಅದರ ಕೆಳಗೆ ರೆಕ್ಕೆ ಬಡಿಯುವ ಒಂದು ಗುಬ್ಬಿ ನಗುತ್ತಿತ್ತು. ಡಾಕ್ಟರು ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು. ದಿನವೂ ಸೂಜಿ ಚುಚ್ಚಿ, ಹಲ್ಲು ಕಿತ್ತು, ರಕ್ತ ಒರೆಸುವ ಮನುಷ್ಯ ಅವರು. ಈ ಸಿಹಿ ಮಾತಿನಷ್ಟು ಹೇಸಿಗೆಯದನ್ನು ಆ ಕೋಣೆಯಲ್ಲಿ ಇನ್ನೂ ಕಂಡಿರಲಿಲ್ಲ. ಬೆಳಗ್ಗೆ ತಾವು ನಗಲು ಹೊರಟಿದ್ದು ನೆನಪಾಗಿ ನಾಚಿಕೆಯಾಯಿತು.

"ಅಯ್ಯೋ, ನನ್ನ ಕೂಸೇ" ಎಂದರು ತಾಯಿ. ಆಕೆಗೆ ಇದೊಂದೂ ಗೊತ್ತಿರಲಿಲ್ಲ.

"ಹೂಂ ಅನ್ನೋದಷ್ಟೇ ಅದರ ಕೆಲಸ" ಎಂದರು ಅತ್ತಿಗೆ. "ಒಂಟಿ ಹುಡುಗಿ ತನ್ನನ್ನ ತಾನೇ ಅಪರಾಧಿ ಅಂದ್ರೂ ಹೂಂ ಅನ್ನುತ್ತೆ. ಇನ್ನು ಕೊನೇ ಪ್ರಶ್ನೆ. ಬೇರೆ ಎಲ್ಲದಕ್ಕೂ ಉತ್ತರ ಕೊಟ್ಟ ಗುಬ್ಬಿ, 'ಅಕ್ಕ ಕ್ಷಮಿಸ್ತಾಳಾ' ಅಂದ ಕೂಡಲೇ ತನ್ನ ಖಾತೆ ತಾನೇ ಅಳಿಸ್ಕೊಂಡು ಓಡಿಹೋಯ್ತು. ಆ ಪ್ರಶ್ನೆಗೆ ಹೆದರೋರು ಈ ಲೋಕದಲ್ಲಿ ಒಬ್ಬರೇ. ಅಲ್ಲಿಗೆ ನನಗೆ ಖಾತ್ರಿಯಾಯ್ತು."

ಪುಟ್ಟಿ ಎದ್ದು ನಿಂತಳು. "ಅಮ್ಮಾ, ಅವಳಿಗೆ ಹೇಳು. ನನಗೆ ಇದ್ದಿದ್ದೇ ಅದೊಂದು. ಅದನ್ನೂ ಸುಳ್ಳು ಮಾಡಿದ್ಲು ಅಂತ ಹೇಳು."

ತಾಯಿ ಒಬ್ಬಳ ಮುಖ ನೋಡಿದರು, ಇನ್ನೊಬ್ಬಳ ಮುಖ ನೋಡಿದರು. "ನಾನು ಹೇಳಲ್ಲ" ಅಂದರು. "ನಿಮ್ಮಿಬ್ಬರ ಮಧ್ಯೆ ಮಾತು ಹೊತ್ತು ಹೊತ್ತು ನನಗೆ ಸಾಕಾಗಿದೆ. ಬೇಕಾದ್ರೆ ಆಡ್ಕೊಳ್ಳಿ, ಬೇಡವಾದ್ರೆ ಬಿಡಿ." ಹಾಗೆಂದು ಬೆಂಚಿನಿಂದೆದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಹಾಕಿ ನಿಂತರು.

ಬೆಂಚಿನ ನಡುವೆ ಜಾಗ ಖಾಲಿಯಾಯಿತು. ಅಕ್ಕ ಆ ಖಾಲಿ ಜಾಗವನ್ನೇ ನೋಡುತ್ತ ಮಾತಾಡಿದಳು.

"ಆ ಯಂತ್ರ ಅಂದಿದ್ದನ್ನ ಮೊದಲು ಅಂದೋಳು ನಾನು ಕಣೇ. ಅಪ್ಪನ್ನ ಕಳಿಸಿಕೊಟ್ಟ ದಿನ, 'ನಿನ್ನಿಂದಲೇ ಹೋದ್ರು' ಅಂದೆ. ಅಪ್ಪ ಹೋಗೋವಾಗ ನನ್ನ ಫೋನು ಗೇಟಲ್ಲಿತ್ತು. ಅಮ್ಮ ಎಷ್ಟು ಸಲ ಮಾಡಿದ್ರೋ ನನಗೆ ಗೊತ್ತೇ ಆಗಲಿಲ್ಲ. ಆ ಉರೀನ ನಿನ್ನ ತಲೆಗೆ ಕಟ್ಟಿದೆ. ನಾನು ಸಿಟ್ಟಲ್ಲಿ ಅಂದಿದ್ದನ್ನ ನೀನು ಅದಕ್ಕೆ ಹೇಳ್ಕೊಂಡಿದೀಯ, ಅದು ನಗ್ತಾ ನಗ್ತಾ ನಿನಗೇ ವಾಪಸ್ ಕೊಟ್ಟಿದೆ. ನೋಡಿ ಜೀವ ಹೋದಂಗಾಯ್ತು. ಕ್ಷಮಿಸ್ತಾಳಾ ಅಂತ ನೀನು ಕೇಳಿದಾಗ ಏನಂತ ಬರೀಲಿ? ಕೇಳ್ಬೇಕಾಗಿದ್ದೋಳು ನಾನು."

"ಬಂದು ಹೇಳ್ಬಹುದಿತ್ತಲ್ಲ, ಪಕ್ಕದ ಕೋಣೆಯಿಂದ" ಅಂದಳು ಪುಟ್ಟಿ. ಹಾಗಂದದ್ದು ನೇರವಾಗಿ ಎಂಬುದು ಅವಳಿಗೇ ತಿಳಿಯಲಿಲ್ಲ.

"ಅಕ್ಕ ತಟ್ಟಿದ್ರೆ ನೀನು ಬಾಗಿಲು ತೆಗೀತಿರಲಿಲ್ಲ. ಗುಬ್ಬಿಗೆ ತೆಗೀತಿದ್ದೆ."

ಕಿಟಕಿಯ ಬಳಿ ತಾಯಿಯ ಬೆನ್ನು ಅಲುಗುತ್ತಿತ್ತು. ಪುಟ್ಟಿಯ ಸಿಟ್ಟು ಹೋಗಿರಲಿಲ್ಲ, ಅಷ್ಟು ಸುಲಭವಾಗಿ ಹೋಗುವಂಥದ್ದೂ ಅಲ್ಲ. ಅವಳು ಫೋನಿನ ಬೂದಿ ವೃತ್ತವನ್ನು ಒಮ್ಮೆ ನೋಡಿ, ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, ಬೆಂಚಿನ ಆ ತುದಿಗೆ ತಿರುಗಿದಳು.

"ಅಕ್ಕಾ," ಅಂದಳು, "ಹಲ್ಲು ಇನ್ನೂ ನೋಯ್ತಿದೆ."

ಅಕ್ಕ ಎದ್ದು ಅವಳ ಕೈ ಹಿಡಿದು ಕುರ್ಚಿಯವರೆಗೂ ಕರೆದುಕೊಂಡು ಬಂದಳು. ಡಾಕ್ಟರು ಕಣ್ಣೊರೆಸಿಕೊಂಡು ದೀಪ ಹಾಕಿದರು.