ಸಣ್ಣ ಪರದೆಯಲ್ಲಿ ಕಾಣದ ಸಾಲು

"ನನ್ನ ಗಂಡ ಸುಳ್ಳು ಹೇಳಂಗಿಲ್ರಿ ಟೀಚರ್. ಫೋನಿನಾಗ ದಾರಿ ತೆರದೈತಿ ಅಂತಿತ್ತು, ಅದಕ್ಕ ಹೋದ."

2009ರ ಬೇಸಿಗೆಯಲ್ಲಿ ಜಂಬವ್ವ ನಮ್ಮ ಹೊಸಪೇಟೆ ಮನೆಗೆ ಬಂದು ನನ್ನ ಸೋದರತ್ತೆ ಸೀತಾಬಾಯಿಗೆ ಹೇಳಿದ ಮಾತಿದು. ಅತ್ತೆ ನಿವೃತ್ತ ಗಣಿತದ ಟೀಚರ್. ಊರವರು ತಮ್ಮ ಕೈಲಿ ಬಗೆಹರಿಯದ್ದನ್ನೆಲ್ಲ ಅವರ ಹತ್ತಿರ ತರುತ್ತಿದ್ದರು. ಜೊತೆಗೆ ಓಡಾಡುವವಳು ನಾನು.

ಜಂಬವ್ವನ ಗಂಡ ಎರ್ರೆಪ್ಪ ಸಂಡೂರಿನ ಗಣಿಯೊಂದರ ಲಾರಿ ಡ್ರೈವರ್. ಸೋಮವಾರ ಹತ್ತು ಗಂಟೆಗೆ ಗುಡ್ಡದಲ್ಲಿ ಸಿಡಿಮದ್ದು ಹಾರಿಸುವಾಗ ಅವನು ಕೆಳಗಿನ ದಾರಿಯಲ್ಲಿದ್ದ. ಹಾರಿಬಂದ ಕಲ್ಲಿಗೆ ಕಾಲು ಮುರಿಯಿತು, ಫೋನು ಪುಡಿಯಾಯಿತು. ಗಣಿಯ ವೆಬ್ ಪುಟದಲ್ಲಿದ್ದ ಎಚ್ಚರಿಕೆಯನ್ನು ನೋಡದೆ ಹೋದನೆಂದು ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ಆ ಪುಟ ಮಾಡಿಕೊಟ್ಟವಳು ನಾನೇ.

ಮರುದಿನ ಗಣಿ ಆಫೀಸಿನಲ್ಲಿ ಮ್ಯಾನೇಜರ್ ಮನೋಹರ್ ಒಂದು ಹಾಳೆ ಮುಂದಿಟ್ಟರು. "ಎಂಟಕ್ಕ ಎಚ್ಚರಿಕೆ ಹಾಕೀನ್ರಿ. ಇದು ಎಂಟೂವರಿಗೆ ತಗದ ಪ್ರಿಂಟ್. ಟೈಮ್ ಬಿದ್ದೈತಿ ನೋಡ್ರಿ."

ಪುಟದ ಬಲಗಡೆ ಕಾಲಂನಲ್ಲಿ ಕೆಂಪಕ್ಷರದ ಸಾಲಿತ್ತು: ಹತ್ತಕ್ಕೆ ಸ್ಫೋಟ, ಕೆಳಗಿನ ದಾರಿ ಬಂದ್.

"ವಿದ್ಯಾ, ನಿನ್ನ ಫೋನಿನಾಗ ಈ ಪುಟ ತೆಗಿ," ಎಂದರು ಅತ್ತೆ.

"ಚಾರ್ಜ್ ಇಲ್ಲ ಅತ್ಯಾ."

ಹಿಂತಿರುಗುವ ಬಸ್ಸಿನಲ್ಲಿ ನನ್ನ ಫೋನು ರಿಂಗಾಯಿತು. ಅತ್ತೆ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು.

ಶುಕ್ರವಾರ ಅವರು ಎಲ್ಲರನ್ನೂ ಅದೇ ಆಫೀಸಿಗೆ ಕರೆಸಿ ಕಂಪ್ಯೂಟರ್ ಮುಂದೆ ಕುಳಿತರು. "ಪ್ರಿಂಟ್ ಖರೇ ಐತಿ. ಅಂದ್ರ ಮನೋಹರ್ ಆಮೇಲೆ ತಿದ್ದಿಲ್ಲ. ಸ್ಫೋಟ ಐತಿ ಅಂತ ಗೊತ್ತಿದ್ದು ಯಾರೂ ಗುಡ್ಡದ ಕೆಳಗ ಹೋಗಂಗಿಲ್ಲ, ಎರ್ರೆಪ್ಪನೂ ಖರೇನ ಹೇಳ್ಯಾನ. ಹಂಗಾದ್ರ ಒಂದ ಪುಟ ಇಬ್ಬರಿಗೂ ಬ್ಯಾರೆ ಬ್ಯಾರೆ ಕಂಡಿರಬೇಕು. ಬ್ಯಾರೆ ಇದ್ದಿದ್ದು ಪರದೆ ಒಂದ."

ಅವರು ಪರದೆಯ ಮೇಲೆ ಪುಟವಿದ್ದ ಕಿಟಕಿಯ ಅಂಚನ್ನು ಮೌಸಿನಿಂದ ಹಿಡಿದು ಒಳಕ್ಕೆಳೆದರು. ಪುಟ ಫೋನಿನಷ್ಟು ಕಿರಿದಾಗುತ್ತಿದ್ದಂತೆ ಬಲಗಡೆ ಕಾಲಂ ಪೂರ್ತಿ ಮಾಯವಾಯಿತು. ನಡುವೆ ಉಳಿದದ್ದು ನಿತ್ಯದ ಸಾಲು: ಕೆಳಗಿನ ದಾರಿ ತೆರೆದಿದೆ.

"ಚಾರ್ಜ್ ಇಲ್ಲ ಅಂದ ಫೋನು ಬಸ್ಸಿನಾಗ ಹೆಂಗ ರಿಂಗಾತು, ವಿದ್ಯಾ?"

ನಾನು ಎದ್ದು ನಿಂತು ಎಲ್ಲ ಒಪ್ಪಿಕೊಂಡೆ. ಪುಟದ ರೂಪ ನಿರ್ಧರಿಸುವ ಸಿಎಸ್ಎಸ್ ಕಡತದಲ್ಲಿ ಮೀಡಿಯಾ ಕ್ವೆರಿ ಎಂಬ ನಿಯಮ ಬರೆದಿದ್ದೆ: ಪರದೆಯ ಅಗಲ ನಾನೂರ ಎಂಬತ್ತು ಪಿಕ್ಸೆಲ್ ಅಥವಾ ಅದಕ್ಕೂ ಕಡಿಮೆಯಿದ್ದರೆ ಪಕ್ಕದ ಕಾಲಂ ತೋರಿಸಬೇಡ. ಆಗ ಅಲ್ಲಿದ್ದದ್ದು ಬರೀ ಫೋಟೋಗಳು. ಎಚ್ಚರಿಕೆಯನ್ನೂ ಅಲ್ಲೇ ಹಾಕುತ್ತೀರಾ ಎಂದು ಮನೋಹರ್‌ಗೆ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಸೋಮವಾರ ಸುದ್ದಿ ಕೇಳಿದ ಕೂಡಲೇ ಫೋನಿನಲ್ಲಿ ತೆರೆದು ನೋಡಿದ್ದೆ. ಆಗಿನಿಂದ ಎಲ್ಲ ಗೊತ್ತಿತ್ತು.

"ನಾಕು ದಿನ," ಎಂದಳು ಜಂಬವ್ವ. "ನಾಕು ದಿನ ನನ್ನ ಗಂಡನ್ನ ಸುಳ್ಳ ಅಂದ್ರು. ನೀವು ಕೇಳ್ಕೊಂಡು ಕುಂತಿದ್ರಿ."

ಮನೋಹರ್ ಅಲ್ಲೇ ಎರ್ರೆಪ್ಪನನ್ನು ಕೆಲಸಕ್ಕೆ ಮರಳಿಸುವ ಪತ್ರ ಬರೆದರು. ಅದನ್ನು ನಾನೇ ಆಸ್ಪತ್ರೆಗೆ ಒಯ್ದು, ಮಾಡಿದ್ದನ್ನೆಲ್ಲ ಎರ್ರೆಪ್ಪನಿಗೆ ಹೇಳಿದೆ. ಅವನು ಪ್ಲಾಸ್ಟರ್ ಹಾಕಿದ ಕಾಲನ್ನು ಕೈಯಿಂದ ಎತ್ತಿ ಪಕ್ಕಕ್ಕಿಟ್ಟು, ಮಂಚದ ಮೇಲೆ ಜಾಗ ಮಾಡಿದ.

"ಕುಂದ್ರಿ," ಎಂದ.

ನನಗೆ ಕೂರಲಾಗಲಿಲ್ಲ.