ರಂಜಿತಳ ದನಿ

ಇದನ್ನು ನಾನೇ ಕಲ್ಪಿಸಿಕೊಂಡೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನಮ್ಮ ಸೋಬಾನೆ ತಂಡ ಮೈಕು ಕೊಳ್ಳಲು ಮದ್ದೂರಿನ ಅಂಗಡಿಗೆ ಹೋಗಿತ್ತು. ಯಾರ ದನಿ ಮೈಕಿಗೆ ಒಗ್ಗುತ್ತದೋ ಅವರೇ ಇನ್ನು ಮುಂದಾಳು ಎಂದು ಮಾತಾಗಿತ್ತು. ತಂಡದಲ್ಲೇ ಇದ್ದ ರಂಜಿತಳ ದನಿಯ ಮೇಲೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಅವಳಿಗಿಂತ ಮೊದಲೇ ಮೈಕು ಕಿತ್ತುಕೊಂಡೆ. ಮಧ್ಯಾಹ್ನದ ಸೆಕೆಯಲ್ಲೂ ಅದು ಬಾವಿಕಲ್ಲಿನಂತೆ ತಣ್ಣಗಿತ್ತು. ಹಾಡಿದೆ, ಸ್ಪೀಕರಿನಿಂದ ಬಂದದ್ದು ಅವಳ ದನಿ.

“ಅಯ್ಯೋ, ಥೇಟು ರಂಜಿತನ್ ಗಂಟ್ಲು ಕಣಮ್ಮಿ! ನೀನೇ ಮುಂದಾಳು ಬುಡು,” ಎಂದರು ತಂಡದ ರೇವಮ್ಮ.

ನಾನು ಹಿಗ್ಗಿದೆ. ಆಮೇಲೆ ರಂಜಿತ ಮೈಕು ಹಿಡಿದಳು. ತುಟಿ ಆಡಿತು, ಕತ್ತಿನ ನರ ಉಬ್ಬಿತು, ಸದ್ದೇ ಬರಲಿಲ್ಲ. ನಾನು ನೋಡದವಳಂತೆ ಹೋಗಿ ಬಸ್ಸು ಹತ್ತಿದೆ.

ಪೂರಿಗಾಲಿಗೆ ಬಂದು ಮನೆಯ ಕದ ತಟ್ಟಿ, “ತಗೀರಿ, ನಾನು,” ಎಂದೆ.

ಒಳಗಿನಿಂದಲೇ ಅತ್ತೆ ಹೇಳಿದರು: “ನನ್ ಸೊಸೆ ಇನ್ನೂ ಬಂದಿಲ್ಲ ಕಣ್ ರಂಜಿತಾ, ಆಮ್ಯಾಕೆ ಬಾ.”